ಕಂಡಕ್ಟರಮ್ಮನ ಮಂಡಿ

ಹನ್ನೊಂದು ವರ್ಷದಿಂದ ಎಂಆರ್‌ಐ ಯಂತ್ರ ನಡೆಸುತ್ತಿದ್ದೇನೆ. ದೆವ್ವ ಭೂತ ಎಂದರೆ ನಗುತ್ತಿದ್ದವನು. ಅಂದು ಮಟಮಟ ಮಧ್ಯಾಹ್ನ, ಬಸ್ಸಿನ ಮೆಟ್ಟಿಲಿನಿಂದ ಜಾರಿ ಮಂಡಿ ತಿರುಚಿಕೊಂಡಿದ್ದ ಕಂಡಕ್ಟರಮ್ಮ ಬಂದಿದ್ದರು. ಅವರನ್ನು ಮಲಗಿಸಿ, ಬಾಗಿಲು ಹಾಕಿ, ಗಾಜಿನ ಈಚೆ ಕೂತು ಯಂತ್ರ ಶುರು ಮಾಡಿದೆ. ಚಿತ್ರಗಳು ಕದಡಿದ ಹಾಗೆ ಬಂದವು.

"ಅಮ್ಮಾ, ಕಾಲು ಅಲ್ಲಾಡಿಸಬೇಡಿ," ಎಂದು ಮೈಕಿನಲ್ಲಿ ಹೇಳಿದೆ.

"ನಾನೆಲ್ಲಿ ಅಲ್ಲಾಡಿಸ್ತಿದೀನಪ್ಪಾ? ನಿಮ್ಮ ನರ್ಸಮ್ಮನಿಗೆ ಕೈ ತೆಗೆಯೋಕೆ ಹೇಳಿ. ಮಂಜುಗಡ್ಡೆ ಇಟ್ಟ ಹಾಗಿದೆ."

ಗಾಜಿನಾಚೆ ಅವರೊಬ್ಬರೇ ಇದ್ದರು. ಯಂತ್ರ ನಿಲ್ಲಿಸಿ ಒಳಗೋಡಿದೆ. ಮಂಡಿ ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಉಳಿದ ಕಾಲು ಬೆಚ್ಚಗೇ ಇತ್ತು. ಇನ್ನೊಮ್ಮೆ ಚಿತ್ರ ತೆಗೆಯುವ ಧೈರ್ಯ ಬರಲಿಲ್ಲ. "ಮುಗೀತಮ್ಮ," ಎಂದು ಸುಳ್ಳು ಹೇಳಿ ಎಬ್ಬಿಸಿ ಕಳಿಸಿದೆ.

ಸಂಜೆ, ವರದಿ ಬರೆಯುವ ಡಾಕ್ಟರು ನನ್ನನ್ನು ಕರೆದರು.

"ಇದೊಂದೇ ಚಿತ್ರ ಸರಿಯಾಗಿ ಬಂದಿರೋದು. ಇದರಲ್ಲೂ ಮಂಡಿ ಹಿಂದೆ ಯಾರದೋ ನಾಲ್ಕು ಬೆರಳು ಬಂದಿದೆಯಲ್ರೀ. ಒಳಗೆ ಯಾರನ್ನ ಬಿಟ್ಟಿದ್ರಿ?"

"ಯಾರೂ ಇರಲಿಲ್ಲ ಸಾರ್."

ಅವರು ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಮೆಲ್ಲಗೆ ಹೇಳಿದರು:

"ಚರ್ಮ ಇದೆ, ಮಾಂಸ ಇದೆ. ಒಂದು ಬೆರಳಲ್ಲೂ ಮೂಳೆ ಇಲ್ಲ."