ರುಮಾಲಿನ ಇನ್ನೊಂದು ತುದಿ

ಕಣಿವೆಯಲ್ಲಿ ಪಿಕಪ್ ಮಗುಚಿ ನನ್ನ ಗಂಡ ಮುತ್ಲಕ್ ಸತ್ತ. ಅವನ ಬೇಟೆನಾಯಿ ಬರ್ಗಾ ಬೆನ್ನುಮೂಳೆ ಮುರಿದುಕೊಂಡು ಉಳಿಯಿತು. ಅದಕ್ಕೆ ಗುಂಡು ಹೊಡೆಯೋಣ ಎಂದ ಮೈದುನನನ್ನು ಬೈದು ಕಳಿಸಿದೆ. ಮುತ್ಲಕನ ರುಮಾಲನ್ನು ಅದರ ಹೊಟ್ಟೆಯಡಿ ಹಾಯಿಸಿ, ಒಂದು ತುದಿ ನಾನು, ಇನ್ನೊಂದು ಅತ್ತೆ ಹಿಡಿದು ದಿನವೂ ಬಾವಿಯವರೆಗೆ ನಡೆಸುತ್ತಿದ್ದೆವು.

ಆ ಮಧ್ಯಾಹ್ನ ನಾನು ರುಮಾಲು ಹಾಯಿಸಿದ ಕೂಡಲೇ ಆ ಕಡೆಯ ತುದಿ ಮೇಲೆದ್ದಿತು. ಬಗ್ಗಿ ನಾಯಿಯ ಕಾಲನ್ನೇ ನೋಡುತ್ತ ನಡೆದೆ. ಗಾಳಿ ಬೆಂಕಿಯಂತಿತ್ತು, ಕೈಯಲ್ಲಿದ್ದ ಬಟ್ಟೆ ಮಾತ್ರ ತಣ್ಣಗಾಗುತ್ತಿತ್ತು. ಅಪಘಾತವಾದ ಮೇಲೆ ಒಮ್ಮೆಯೂ ಅಲುಗದಿದ್ದ ಬರ್ಗಾನ ಬಾಲ ಅಲ್ಲಾಡಿತು.

“ನಿಧಾನ ಅತ್ತೆ, ಎಳೀಬೇಡಿ,” ಎಂದೆ.

“ನಾನಿಲ್ಲಿ ರೊಟ್ಟಿ ಬೇಯಿಸ್ತಿದ್ದೀನಿ ಕಣೇ,” ಎಂದರು ಅತ್ತೆ, ಹಿಂದಿನ ಡೇರೆಯಿಂದ. “ಒಬ್ಬಳೇ ಎತ್ತಬೇಡ ಅಂತ ಎಷ್ಟು ಸಲ ಹೇಳ್ಲಿ?”

ನಾನು ತಲೆ ಎತ್ತಲಿಲ್ಲ. ನೋಡಿದರೆ ಬಿಟ್ಟುಬಿಡುತ್ತಾನೆ ಅನ್ನಿಸಿತು. ಬಾವಿಯವರೆಗೂ ಆ ತುದಿ ಬಿಗಿಯಾಗಿಯೇ ಇತ್ತು.