ಏಳಂತಸ್ತಿನ ನಕ್ಷೆ ಬರೆದವನು

ದೊಡ್ಡಬಸಪ್ಪನ ಏಳಂತಸ್ತಿನ ಕಟ್ಟಡ ಇನ್ನೂ ಕಾಗದದ ಮೇಲಿತ್ತು. ಸಿಂಧನೂರು ಮಂದಿ ಆಗಲೇ ಅದನ್ನು ಬಾಯಲ್ಲಿ ಕೆಡವಿಯಾಗಿತ್ತು.

ತೊಂಬತ್ತನಾಲ್ಕರ ಮಾತು. ಅಕ್ಕಿ ಗಿರಣಿಯ ಸಾಹುಕಾರ ದೊಡ್ಡಬಸಪ್ಪ ಬಸ್ ಸ್ಟ್ಯಾಂಡಿನ ಎದುರಿನ ಜಾಗದಲ್ಲಿ ಕೈಬರಹದ ಟಿಪ್ಪಣಿ ಸಮೇತ ಅದರ ನಕ್ಷೆಯನ್ನೇ ಅಂಟಿಸಿದ ಬೋರ್ಡು ನಿಲ್ಲಿಸಿದ್ದ. ವಾಸದ ಮನೆಗಳಿರುವ ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ ಒಂದಿಷ್ಟು ಪಕ್ಕಕ್ಕೆ ತಿರುಗಿ ನಿಂತಿತ್ತು. "ಗಾಳಿ ಬಿಟ್ರ ಇನ್ನೊಂದು ಸುತ್ತು ತಿರುಗತೈತೇನೋ!" ಎಂದು ಚಹಾದಂಗಡಿಯಲ್ಲಿ ನಗೆಯೋ ನಗೆ.

ನಕ್ಕವರ ನಡುವೆ ನಿಂತು ಜಂಬಣ್ಣನೂ ನಕ್ಕ. ಮಸ್ಕಿಯ ಹುಡುಗ, ಲಿಂಗಸುಗೂರಿನಲ್ಲಿ ಸಣ್ಣ ಆಫೀಸು ಇಟ್ಟುಕೊಂಡ ಎಂಜಿನಿಯರು. ಆ ನಕ್ಷೆ ಬರೆದವನೇ ಅವನು.

ಬೋರ್ಡಿನ ಎದುರಿಗೇ ಮಹಡಿಯ ಮೇಲೆ ಶೇಖರಮ್ಮನ ಟೈಪಿಂಗ್ ಇನ್‌ಸ್ಟಿಟ್ಯೂಟು. ಜಂಬಣ್ಣ ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು, ಒಂದೇ ಪುಟದ ಪತ್ರ ಟೈಪು ಮಾಡಿಸಲು ಎರಡು ತಾಸು ಕೂರುತ್ತಿದ್ದ.

"ಆ ನಕ್ಷಾ ಯಾರು ಬರದಾರ್ರೀ?" ಒಂದು ದಿನ ಅವಳು ಕೇಳಿದಳು.

"ಯಾರೋ ಹೈದರಾಬಾದಿನವ್ರಂತ್ರೀ." ಸುಳ್ಳು ತಾನಾಗಿ ಬಾಯಿಗೆ ಬಂತು.

"ಯಾರರೆ ಇರ್ಲಿ, ನನ್ನ ಮನಸಿಗೆ ಬಂದೈತಿ. ಎಲ್ಲಾ ಮನಿಗೂ ಬೆಳಕು ಬೀಳೋಹಂಗ ಬರದಾರ. ಅವ್ರನ್ನ ಒಮ್ಮಿ ನೋಡಬೇಕ್ರೀ."

ಹಾಗೆಂದು ಅವಳು ಕಣ್ಣೆತ್ತಿ ನೆಟ್ಟಗೆ ಅವನನ್ನೇ ನೋಡಿದಳು. ತುಟಿಯಂಚಿನಲ್ಲಿ ಸಣ್ಣ ನಗುವಿತ್ತು. ಜಂಬಣ್ಣ ನೆಲ ನೋಡಿದ.

ಭಾನುವಾರ ಸಾಹುಕಾರ ಶಾಮಿಯಾನ ಹಾಕಿಸಿ ಊರವರನ್ನು ಕರೆದ. ಪ್ರತಿ ಅಂತಸ್ತಿನ ನಕ್ಷೆಯೂ ಪಾರದರ್ಶಕ ಹಾಳೆಯಲ್ಲಿ, ಮೇಜಿನ ಮೇಲೆ ಹರಡಿತ್ತು. ಹಿರಿಯಾಕೆ ಬಸವಣ್ಣೆಮ್ಮ ಕನ್ನಡಕ ಏರಿಸಿ, ಒಂದು ಹಾಳೆಯ ಮೇಲೆ ಇನ್ನೊಂದನ್ನಿಟ್ಟು ಬೆರಳು ಊರಿದಳು.

"ಇದು ಕೆಳಗಿನ ಮನಿ ದೇವರ ಜಗಲಿ. ಮ್ಯಾಲಿನ ಮನಿ ತಿರುಗೈತಲ್ಲ, ಅವರ ಪಾಯಖಾನಿ ನೆಟ್ಟಗ ಇದರ ನೆತ್ತಿ ಮ್ಯಾಲ ಬಂದು ಕುಂತೈತಿ! ಅದರ ಬುಡಕ ಕುಂತು ಲಿಂಗಪೂಜಿ ಮಾಡ್ಬೇಕೇನು?"

ಶಾಮಿಯಾನವೇ ಹಾರಿಹೋಗುವಂತೆ ಜನ ನಕ್ಕರು. ಜಂಬಣ್ಣನ ಕಿವಿ ಬಿಸಿಯಾದವು. ಬೆಳಕು, ಗಾಳಿ ಎಲ್ಲವನ್ನೂ ಯೋಚಿಸಿದ್ದ. ತನ್ನ ಅವ್ವ ದಿನಾ ವಿಭೂತಿ ಹಚ್ಚಿಕೊಂಡು ಕೂರುವ ಜಗಲಿಯನ್ನೇ ಮರೆತಿದ್ದ.

"ಯಾವ ಪುಣ್ಯಾತ್ಮ ಬರದಾನ? ಎದ್ದು ನಿಲ್ಲಲಿ!" ಯಾರೋ ಕೂಗಿದರು.

ಸಾಹುಕಾರ ಅವನತ್ತ ನೋಡಿದ. ಜಂಬಣ್ಣ ತಲೆ ತಗ್ಗಿಸಿದ.

ಎದ್ದು ನಿಂತವಳು ಶೇಖರಮ್ಮ. "ಒಂದು ತಪ್ಪಿಗೆ ಇಡೀ ನಕ್ಷಾಕ ಯಾಕ ನಗತೀರಿ? ಹೇಳಿದ್ರ ತಿದ್ದತಾರ."

"ಬರದಾವ ನಿನಗೇನಾಗಬೇಕವ್ವ?" ಎಂದು ಒಬ್ಬ ಕೇಳಿದ. ನಗೆಯೆಲ್ಲ ಅವಳತ್ತ ತಿರುಗಿತು. ಅವಳು ಕಣ್ಣು ತುಂಬಿಕೊಂಡು ಹೊರನಡೆದಳು. ಜಂಬಣ್ಣ ಕೂತೇ ಇದ್ದ.

ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಶೇಖರಮ್ಮನ ಬಳಿ ಬಂದ.

"ಒಂದು ನೋಟಿಸು ಟೈಪು ಮಾಡ್ರಿ. 'ಈ ನಕ್ಷೆ ಬರೆದವನು ಜಂಬಣ್ಣ. ತಪ್ಪು ನನ್ನದು. ತಿದ್ದಿ ಕೊಡುತ್ತೇನೆ.'"

ಅವನ ಹೆಸರು ಬಂದಾಗಲೂ ಅವಳ ಬೆರಳು ತಡೆದು ನಿಲ್ಲಲಿಲ್ಲ.

"ನಿಮಗ ಗೊತ್ತಿತ್ತೇನ್ರೀ?"

"ಬೋರ್ಡಿನ ಮ್ಯಾಲಿನ ಅಕ್ಷರಾನೂ ನೀವು ತರೋ ಕಾಗದದ ಅಕ್ಷರಾನೂ ಒಂದ ಅದಾವ. ಸುಳ್ಳು ಹೇಳಿದ್ದಕ್ಕ ಸಿಟ್ಟಿಲ್ರಿ ನಂಗ. ನಾ ನಿಂತಾಗ ನೀವು ಕುಂತ್ರಿ. ಇಂಥಾವ್ರನ್ನ ಮೆಚ್ಚಿದ್ನಲ್ಲ ಅಂತ ನಾಚಿಕಿ ಆತು."

ಭೂಮಿ ಬಾಯಿಬಿಡಬಾರದೇ ಅನಿಸಿತು ಅವನಿಗೆ. ಅವಳು ಮೆಚ್ಚಿದ್ದಳೆಂದು ತಿಳಿದದ್ದೂ ಆ ನಾಚಿಕೆಯೊಳಗೇ.

ನೋಟಿಸನ್ನು ತಾನೇ ಬೋರ್ಡಿಗೆ ಅಂಟಿಸಿ, ಬಿಸಿಲಲ್ಲಿ ಅದರ ಪಕ್ಕ ನಿಂತ. "ಬರದಾವ ನಾನ ರೀ, ಬೈರಿ" ಎಂದ. ಜನ ಮನಸಾರೆ ಬೈದರು.

"ಬರಿಯೋಕಿಂತ ಮೊದಲ ನಿಮ್ಮವ್ವನ್ನ ಕೇಳಬಾರದೇನೋ!" ಎಂದಳು ಬಸವಣ್ಣೆಮ್ಮ.

"ತಪ್ಪಾತಬೇ."

ಮಧ್ಯಾಹ್ನ ಶೇಖರಮ್ಮ ಮೆಟ್ಟಿಲಿಳಿದು, ರಸ್ತೆ ದಾಟಿ, ಇಡೀ ಬಸ್ ಸ್ಟ್ಯಾಂಡು ನೋಡುತ್ತಿದ್ದಂತೆ ಅವನ ಪಕ್ಕದಲ್ಲಿ ಬಂದು ನಿಂತಳು.

"ನೀ ಯಾಕ ಇಲ್ಲಿ ನಿಂತಿ, ತಂಗಿ?" ಬಸವಣ್ಣೆಮ್ಮ ಕೇಳಿದಳು.

ಅವಳು ತಲೆ ತಗ್ಗಿಸಿದಳು. ಈ ಸಲ ಜಂಬಣ್ಣ ಸುಮ್ಮನಿರಲಿಲ್ಲ.

"ನನ್ನ ಸಲುವಾಗಿ ನಿಂತಾಳಬೇ. ಈಕಿ ಒಪ್ಪಿದ್ರ ಮದುವಿ ಮಾಡ್ಕೊತೀನಿ." ಎಲ್ಲರಿಗೂ ಕೇಳುವಂತೆ ಹೇಳಿದ.

ಶೇಖರಮ್ಮನ ತುಟಿಯಂಚಿಗೆ ಆ ಸಣ್ಣ ನಗು ಮತ್ತೆ ಬಂತು. ಆಮೇಲೆ ಅವನಿಗಷ್ಟೇ ಕೇಳುವಂತೆ ಅಂದಳು:

"ಮೊದಲ ನೆರಳಿಗೆ ಬರ್ರಿ. ಮುಂಜಾನಿಂದ ಏನೂ ತಿಂದಿಲ್ಲ ನೀವು."