ಬೂದಿಯವರ ಕೆಂಡ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಗಾದಿಲಿಂಗಪ್ಪನವರ ಪಡಸಾಲೆಯ ಗೂಡಿನಲ್ಲಿದ್ದ ಮಣ್ಣಿನ ಕುಡಿಕೆ ಕಾಣೆಯಾಗಿತ್ತು.

ಅಂಗೈಯಷ್ಟು ಕುಡಿಕೆ. ಸಂತೆಯಲ್ಲಿ ಕೊಂಡದ್ದು. ಕೊಟ್ಟೂರಿನಲ್ಲಿ ಅದಕ್ಕೆ ಅಂಥ ಬೆಲೆಯೇನೂ ಇಲ್ಲ. ಆದರೆ ನೀರ್ಗಲ್ಲಿನಲ್ಲಿ ಅದಿಲ್ಲದೆ ಯಾರೂ ರಾಜರಾಗುವಂತಿಲ್ಲ.

ನೀರ್ಗಲ್ಲು ಯಾವ ನಕಾಶೆಯಲ್ಲೂ ಇಲ್ಲ. ಹರಿಹರದ ಕಡೆಯ ರೈಲು ತಡವಾದ ಒಂದು ಸಂಜೆ ಕೊಟ್ಟೂರು ಸ್ಟೇಷನ್ನಿನ ಬೆಂಚಿನ ಮೇಲೆ ಹುಟ್ಟಿದ ನಾಡು ಅದು. ಹೊಸದಾಗಿ ನಾಡು ಕಟ್ಟಿದರೆ ಅಧಿಕಾರ ಯಾರಿಗೆ ಕೊಡಬೇಕು ಎಂದು ಹೈಸ್ಕೂಲಿನ ಇತಿಹಾಸದ ಟೀಚರ್ ಕಲ್ಯಾಣಮ್ಮ ಕೇಳಿದ್ದರು. "ಎಲ್ಲಾರಗಿಂತ ಸಣ್ಣ ಬುಡಕಟ್ಟಿಗೆ" ಎಂದಿದ್ದರು ಪೋಸ್ಟ್‌ಮಾಸ್ಟರ್ ಗಾದಿಲಿಂಗಪ್ಪ. ವಾದ ಮುಗಿಯುವ ಮೊದಲೇ ರೈಲು ಬಂತು. ಮುಂದಿನ ಭಾನುವಾರ ಮತ್ತೆ ಕೂತರು. ಇಬ್ಬರೂ ನಿವೃತ್ತರಾದರು, ವಾದ ನಿವೃತ್ತಿಯಾಗಲಿಲ್ಲ.

ಈಗ ಅಲ್ಲಿ ನಾಲ್ಕು ಬುಡಕಟ್ಟುಗಳಿವೆ. ಬೀಜ-ಗೊಬ್ಬರದ ಅಂಗಡಿಯ ಕೊಟ್ರಸ್ವಾಮಿ ಕಣದವರ ಮುಖಂಡ, ಧಾನ್ಯವೆಲ್ಲ ಅವರದು. ಪತ್ರಿಕೆಯ ತಾಲ್ಲೂಕು ವರದಿಗಾರ್ತಿ ಶೈಲಾ ದಿಬ್ಬದವರ ಪರ. ಕಲ್ಯಾಣಮ್ಮ ಉಪ್ಪಿನವರು. ಉಪ್ಪಿನವರು ಕೊಟ್ಟ ಮಾತು ಮುರಿಯುವುದಿಲ್ಲ; ಇನ್ನೊಬ್ಬರ ವಸ್ತು ಒಯ್ದರೆ, ಮರಳಿ ತರುವ ಗುರುತಿಗೆ ಆ ಜಾಗದಲ್ಲಿ ಉಪ್ಪು ಇಡುತ್ತಾರೆ. ಒಮ್ಮೆ ಮಳೆಯೆಂದು ಶೈಲಾಳ ಕೊಡೆ ಒಯ್ದ ಕಲ್ಯಾಣಮ್ಮ, ಕೊಡೆ ಇದ್ದ ಮೂಲೆಯಲ್ಲಿ ನಿಜವಾಗಿಯೂ ಉಪ್ಪು ಇಟ್ಟು ಹೋಗಿದ್ದರು.

ಗಾದಿಲಿಂಗಪ್ಪ ಬೂದಿಯವರು. ನೀರ್ಗಲ್ಲಿನ ಕತೆಯಲ್ಲಿ ಇವರು ಊರ ಹೊರಗೆ ಬದುಕಿದವರು, ಪರರ ಒಲೆಯ ಬೂದಿ ಬಳಿದವರು. ಮಹಾಚಳಿಯ ವರ್ಷ ನಾಡಿನ ಬೆಂಕಿಯೆಲ್ಲ ಆರಿದಾಗ ಬೂದಿಯಡಿಯ ಕೆಂಡ ಅವರಲ್ಲಿ ಮಾತ್ರ ಉಳಿದಿತ್ತು. ಅಂದಿನಿಂದ ಕಟ್ಟಳೆ: ಸಭೆ ಮತ ಕೊಟ್ಟರೂ, ಬೂದಿಯವರು ತಮ್ಮ ಕೈಯಾರೆ ಕೆಂಡ ಕೊಟ್ಟರಷ್ಟೇ ಪಟ್ಟ.

ಇಂದು ಹನ್ನೆರಡರ ಸಭೆಯಲ್ಲಿ ಕಣದವರು ಪಟ್ಟ ಕೇಳುವ ದಿನ. ಕೆಂಡ ಕೊಡಬೇಕೋ ಬೇಡವೋ ಎಂದು ಗಾದಿಲಿಂಗಪ್ಪ ವಾರವಿಡೀ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದರು. ಹೆಂಡತಿ ಕನಕಮ್ಮನಿಗೂ ಹೇಳಿರಲಿಲ್ಲ. ಈಗ ಹೇಳುವುದಕ್ಕೆ ಕುಡಿಕೆಯೇ ಇಲ್ಲ.

"ಒಂಬತ್ತಕ್ಕ ನಾನ ಬಚ್ಚಲ ಒಲಿಯಾಗಿನ ಕೆಂಡ ಹಾಕಿ, ಬೂದಿ ಮುಚ್ಚಿ ಇಟ್ಟೀನಿ" ಎಂದರು ಕನಕಮ್ಮ. "ಕೆಂಡಕ್ಕೇನು ಕಾಲು ಬಂದಾವೇನು?"

"ಕಾಲಲ್ಲ, ಕೈ" ಎಂದಳು ಶೈಲಾ. ತಾಲ್ಲೂಕು ಕಚೇರಿಯಲ್ಲಿ ಕೇಳುವ ಹಾಗೆಯೇ ಇಲ್ಲೂ ಶುರುಮಾಡಿದಳು. "ಯಾರು ಮೊದ್ಲು ಬಂದ್ರಿ?"

"ನಾನು" ಎಂದರು ಕೊಟ್ರಸ್ವಾಮಿ. "ಕಾಲು ತೊಳಕಂಡು ಕುರ್ಚಿ ಮ್ಯಾಲೆ ಕುಂತೆ."

"ಗೂಡು ನೋಡಿದ್ರಾ?"

"ನೋಡಿದ್ನಿ. ಇತ್ತು. ನಮ್ಮ ಪಟ್ಟ ಅದರಾಗ ಐತಲ್ಲ — ನೋಡದ ಇರ್ತೀನಾ?"

"ಆಮೇಲೆ?"

"ಪೋಸ್ಟಣ್ಣ ಮಂಡಕ್ಕಿ ತರಾಕ ಹೋಗಿದ್ರು. ಟೀಚರಮ್ಮ ಬಂದ್ರು. ಅಂಗಡಿ ಹುಡುಗ ಫೋನ್ ಮಾಡಿದ, ಹೊರಗ ಹೋದೆ."

"ನಾ ಉಪ್ಪಿನಕಾಯಿ ಡಬ್ಬಿ ಕೊಡಾಕ ಅಡಿಗಿಮನಿಗೆ ಹೋದೆ" ಎಂದರು ಕಲ್ಯಾಣಮ್ಮ. "ಕನಕವ್ವ ಮಿರ್ಚಿ ಕರಿಯಾಕ ಹತ್ತಿದ್ಲು. ನೀನೂ ಹಿತ್ತಲದಾಗ ಫೋನಿನ್ಯಾಗ ಇದ್ದೆಲ್ಲವಾ?"

"ಹೌದ್ರಿ. ನಾನೂ ಆರೋಪಿನ" ಎಂದು ಶೈಲಾ ನಕ್ಕಳು.

ಗಾದಿಲಿಂಗಪ್ಪನವರಿಗೆ ನಗು ಬರಲಿಲ್ಲ.

ಕೊಟ್ರಸ್ವಾಮಿ ಗೂಡಿಗೆ ಕೈ ಹಾಕಿ ಕುಡಿಕೆ ಕೂರಿಸಿದ್ದ ಬಟ್ಟೆಯ ಸಿಂಬಿ ಎತ್ತಿ ನೋಡಿದರು. "ಇಲ್ಲೇನೂ ಇಲ್ಲ. ಗ್ವಾಡಿ ಸುಣ್ಣ ಉದುರೇತಿ, ಅಷ್ಟ." ಸಿಂಬಿ ಇಟ್ಟು ಗಂಟಲು ಸರಿಮಾಡಿಕೊಂಡರು. "ನೋಡ್ರಿ, ಕೆಂಡ ಕಾಯೋದು ಬೂದಿಯವರ ಕೆಲಸ. ಕಾಯ್ಲಿಲ್ಲಂದ್ರ ಅವರ ಹಕ್ಕು ಹೋತು. ಹನ್ನೆರಡರೊಳಗ ಸಿಗಲಿಲ್ಲಾ — ಕೆಂಡ ಇಲ್ದನ ಪಟ್ಟ. ಇನ್ಮುಂದ ಯಾವ ರಾಜನೂ ಬೂದಿಯವರನ್ನ ಕೇಳಂಗಿಲ್ಲ."



ಆಟವೇ. ಆದರೂ ಗಾದಿಲಿಂಗಪ್ಪನವರಿಗೆ ಅದು ಬರೀ ಆಟವಾಗಿರಲಿಲ್ಲ. ಸರ್ವಿಸಿನುದ್ದಕ್ಕೂ ಅವರು ಮೇಲಿನವರು ಹೇಳಿದ್ದಕ್ಕೆ ಹೂಂ ಅಂದವರು. ಅವರನ್ನು ಕೇಳದೆ ಮುಂದೆ ಹೋಗಲಾಗದ ಜಾಗ ಇರುವುದು ನೀರ್ಗಲ್ಲಿನಲ್ಲಿ ಮಾತ್ರ.

"ಸಾವ್ಕಾರ್ರ, ಲಾಭ ನಿಮಗ ಐತಿ" ಎಂದರು ಮೆಲ್ಲಗೆ.

"ಏ ಪೋಸ್ಟಣ್ಣ! ನಾ ಕದ್ದೀನೇನು?"

"ಹಂಗಂದೆ ಏನು?"

"ಅನ್ಲಿಲ್ಲ. ಮಾರಿ ಮ್ಯಾಲೆ ಬರದೈತಿ!"

ಶೈಲಾ ಇಬ್ಬರನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಸಿಂಬಿ ಎತ್ತಿ, ಅದರಡಿಯ ಬಿಳಿ ಚೂರೊಂದನ್ನು ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಕನಕಮ್ಮ ಹೌಹಾರಿದರು. "ಅಯ್ಯ, ಸುಣ್ಣ ತಿಂತಿಯೇನ ಹುಡುಗಿ?"

"ಸುಣ್ಣ ಅಲ್ಲಬೇ. ಹರಳುಪ್ಪು."

ಎಲ್ಲರೂ ಕಲ್ಯಾಣಮ್ಮನವರತ್ತ ತಿರುಗಿದರು. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ತಡೀರಿ" ಎಂದರು ಕೊಟ್ರಸ್ವಾಮಿ. "ಟೀಚರಮ್ಮ ನಮ್ಮ ಕಡೆಯವರು. ಬೆಂಬಲ ಕೊಡ್ತೀನಿ ಅಂತ ಮಾತು ಕೊಟ್ಟಾರ. ಅವರ್‍ಯಾಕ ಕೆಂಡ ತಗೀತಾರ? ಯಾರೋ ಅವರ ಹೆಸರು ಕೆಡಿಸಾಕ ಉಪ್ಪು ಇಟ್ಟಾರ."

"ಹೆಸರು ಕೆಡಿಸೋರು ಉಪ್ಪನ್ನ ಕಾಣಂಗ ಇಡ್ತಿದ್ರು" ಎಂದಳು ಶೈಲಾ. "ಗೂಡಿನ ಬಾಯಾಗ. ಮೊದಲ ನೋಟಕ್ಕ ಬೀಳಬೇಕಲ್ಲ? ಇದು ಸಿಂಬಿ ಅಡಿಗೆ ಐತಿ. ಎತ್ತಿದ ನೀವೂ ಸುಣ್ಣ ಅಂದ್ರಿ. ಯಾರೂ ನೋಡಬಾರದು, ಆದ್ರ ಕಟ್ಟಳಿ ತಪ್ಪಬಾರದು — ಅಂಥ ಜಾಗದಾಗ ಉಪ್ಪು ಇಡೋರು ಖರೇ ಉಪ್ಪಿನವರೊಬ್ರ. ಕದಿಯೋ ಹೊತ್ತಿನ್ಯಾಗೂ ಅವರು ಕಾನೂನು ಮರೀಲಿಲ್ಲ."

"ಮತ್ತ ಕಾರಣ?"

"ಕಾರಣ ನೀವ ಹೇಳಿದ್ರಿ. ಮಾತು ಕೊಟ್ಟಾರ. ಉಪ್ಪಿನವರು ಮಾತು ಮುರಿಯಂಗಿಲ್ಲ. ನಿಮ್ಮ ವಿರುದ್ಧ ಮತ ಹಾಕಾಕ ಬರಂಗಿಲ್ಲ. ಪಟ್ಟ ನಿಲ್ಲಬೇಕಂದ್ರ ಅವರಿಗೆ ಉಳಿದಿದ್ದು ಕೆಂಡ ಒಂದ. ಹೌದಿಲ್ರಿ ಟೀಚರ್?"

ಕಲ್ಯಾಣಮ್ಮ ಕನ್ನಡಕ ಹಾಕಿಕೊಂಡರು.

"ರಾಜ ಬಂದ್ರ ಸಭಾ ಬರಖಾಸ್ತು. ನಾನ ಬರದ ಕಾನೂನು ಅದು. ಸಭಾ ಇಲ್ಲಂದ್ರ ಭಾನುವಾರ ನಾ ಯಾರ ಕೂಡ ಜಗಳಾಡ್ಲಿ?" ಧ್ವನಿ ಸಣ್ಣದಾಯಿತು. "ಕೊಟ್ರಸ್ವಾಮಿ ಹೋದ ತಿಂಗಳು ಬೆಂಬಲ ಕೇಳಿದ್ರು, ಹೂಂ ಅಂದೆ. ಮನಿಗೆ ಹೋದ ಮ್ಯಾಲೆ ಹೊಳೀತು. ಇವತ್ತಿನ ಸಭಾ ಮುಂದಕ್ಕ ಹೋಗ್ಲಿ ಅಂತ ಅಷ್ಟ ಮಾಡಿದ್ನಿ. ಬೂದಿಯವರ ಹಕ್ಕಿಗೆ ಕುತ್ತು ಬರ್ತೈತಿ ಅಂತ ಅಂದುಕಂಡಿರಲಿಲ್ಲ."

"ನಾ ಕೆಂಡ ಕೊಡಲ್ಲ ಅಂದ್ರೂ ಪಟ್ಟ ನಿಲ್ತಿತ್ತಲ್ಲ?" ಎಂದರು ಗಾದಿಲಿಂಗಪ್ಪ.

"ನೀವು ಯಾರಿಗೆ ಇಲ್ಲ ಅಂದೀರಿ ಪೋಸ್ಟಣ್ಣ? ಇವತ್ತೂ ಅನ್ನಂಗಿಲ್ಲ ಅಂತ ತಿಳಿದೆ."

ಆ ಮಾತು ಗಾದಿಲಿಂಗಪ್ಪನವರಿಗೆ ಕುಡಿಕೆ ಹೋದದ್ದಕ್ಕಿಂತ ಹೆಚ್ಚು ತಾಗಿತು.

"ನಿಮ್ಮ ಮನಸು ಚಲೋನ ಟೀಚರಮ್ಮ. ಆದ್ರ ನನ್ನ ಮಾತು ನೀವ ಆಡಿಬಿಟ್ರಿ. ಬೂದಿಯವರ ಪರವಾಗಿ ಮಂದಿ ಮಾತಾಡಿದ್ದು ಸಾಕಾಗಿ ಅಲ್ಲೇನು, ಈ ಕಟ್ಟಳಿ ಮಾಡಿದ್ದು?"

"ತಪ್ಪಾತು" ಎಂದರು ಕಲ್ಯಾಣಮ್ಮ. ನೀರ್ಗಲ್ಲಿನ ಇತಿಹಾಸದಲ್ಲಿ ಅವರು ಆ ಪದ ಆಡಿದ್ದು ಯಾರಿಗೂ ನೆನಪಿರಲಿಲ್ಲ. ಶೈಲಾ ಕೂಡ ನಗಲಿಲ್ಲ.

"ಕುಡಿಕೆ ಎಲ್ಲೈತಿ?" ಎಂದರು ಗಾದಿಲಿಂಗಪ್ಪ.

"ನಿಮ್ಮ ಬಚ್ಚಲ ಒಲ್ಯಾಗ. ಬೂದಿಯವರ ಬೆಂಕಿ ಅವರ ಒಲಿ ದಾಟಬಾರದಲ್ಲ. ಸೆರಗಿನ್ಯಾಗ ಹಿಡಕಂಡು ಒಯ್ದೆ. ಸೆರಗು ಒಂಚೂರು ಸುಟ್ಟೈತಿ."

ಕನಕಮ್ಮ ಹೋಗಿ ತಂದರು. ಬೂದಿ ಕೆದಕಿದರು. ಒಳಗೆ ಇನ್ನೂ ಕೆಂಪಿತ್ತು.

ಹನ್ನೆರಡಕ್ಕೆ ಸಭೆ ಕೂಡಿತು. ಕಲ್ಯಾಣಮ್ಮ ಮಾತಿನಂತೆ ಕಣದವರಿಗೇ ಮತ ಹಾಕಿದರು. ಕೊಟ್ರಸ್ವಾಮಿ ಎದ್ದು ಎರಡೂ ಕೈ ಒಡ್ಡಿ, "ಬೂದಿಯವರ, ಕೆಂಡ ಕೊಡ್ರಿ" ಎಂದರು.

ಗಾದಿಲಿಂಗಪ್ಪ ಕುಡಿಕೆಯನ್ನು ತಮ್ಮ ತೊಡೆಯ ಪಕ್ಕಕ್ಕೆ ಎಳೆದುಕೊಂಡರು.

"ಇಲ್ಲ" ಎಂದರು. "ವಾರಪೂರ್ತಿ ವಿಚಾರ ಮಾಡಿ ಗಟ್ಟಿ ಮಾಡಿದ್ದು. ಇವತ್ತಿಂದಲ್ಲ."

ಕೊಟ್ರಸ್ವಾಮಿ ಕೈ ಒಡ್ಡಿಕೊಂಡೇ ಗಳಿಗೆ ಹೊತ್ತು ನಿಂತರು. ಆಮೇಲೆ ನಕ್ಕು ಕೂತರು. "ಹೋಗ್ಲಿ ಬಿಡ್ರಿ. ಮುಂದಿನ ಭಾನುವಾರ ಅಂಗಡಿ ಬಿಟ್ಟು ನಾನರ ಎಲ್ಲಿಗೆ ಹೋಗ್ಲಿ?"

ಕನಕಮ್ಮ ಮಂಡಕ್ಕಿ, ಮಿರ್ಚಿ ತಂದಿಟ್ಟರು. ಕಲ್ಯಾಣಮ್ಮ ಸಿಂಬಿಯಡಿಯ ಉಪ್ಪನ್ನು ಆರಿಸಿ ತಮ್ಮ ಸೆರಗಿಗೆ ಕಟ್ಟಿಕೊಂಡರು. ನೀರ್ಗಲ್ಲಿಗೆ ಇಂದಿಗೂ ರಾಜನಿಲ್ಲ.